ಚಿತ್ರ ಉಳಿಸುವ ಹೊಣೆ

ಮನೆಯಲ್ಲೇ ಫೋಟೊ ಹಾಕಿಕೊಳ್ಳೋಣವೆಂದು ಪ್ರಿಂಟರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಮಾತು ಕೇಳುತ್ತಾರೆ: ಮಷೀನಿನ ಬೆಲೆ ಎಷ್ಟು, ಒಂದು ಫೋಟೊಗೆ ಎಷ್ಟು ಬೀಳುತ್ತದೆ, ಬಣ್ಣ ಹೇಗೆ ಬರುತ್ತದೆ. ಮೂರೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ನಾಲ್ಕನೆಯದೊಂದಿದೆ: ಈ ಫೋಟೊ ಎಷ್ಟು ವರ್ಷ ಉಳಿಯುತ್ತದೆ? ಅದನ್ನು ಕೇಳುವವರು ಕಡಿಮೆ. ಇದಕ್ಕೆ ಕೊಳ್ಳುವವರ ಅಜಾಗರೂಕತೆ ಕಾರಣವಲ್ಲ. ಇಷ್ಟು ಕಾಲ ಆ ಪ್ರಶ್ನೆಯನ್ನು ನಮ್ಮ ಪರವಾಗಿ ಬೇರೆ ಯಾರೋ ಕೇಳಿಕೊಂಡು, ಉತ್ತರವನ್ನೂ ತಾವೇ ಕಂಡುಕೊಳ್ಳುತ್ತಿದ್ದರು. ಶಾಸನತಜ್ಞರು, ಸಂಸ್ಥಾನದ ಛಾಯಾಗ್ರಾಹಕರು, ಊರಿನ ಸ್ಟುಡಿಯೊದವರು, ನಗರದ ಲ್ಯಾಬಿನವರು ಒಬ್ಬರಾದ ಮೇಲೊಬ್ಬರು ಆ ಹೊಣೆ ಹೊತ್ತಿದ್ದಾರೆ. ಈಗ ಅದು ಮನೆಯೊಳಗೆ ಬಂದು ಕೂತಿದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿನಲ್ಲಿ, ಅದರಲ್ಲೂ ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಸುತ್ತಮುತ್ತ, ಪ್ರತಿ ತೆಗೆಯುವ ಕಸುಬಿನ ಚರಿತ್ರೆಯನ್ನು ನೋಡಿದರೆ ಈ ಕೈಬದಲಾವಣೆ ನಿಚ್ಚಳವಾಗಿ ಕಾಣುತ್ತದೆ. ಪ್ರಿಂಟರ್ ಆರಿಸುವ ವಿವೇಕವೂ ಅದೇ ಚರಿತ್ರೆಯಲ್ಲಿದೆ ಎಂಬುದು ಈ ಬರಹದ ವಾದ.

ಮಸ್ಕಿಯಿಂದಲೇ ಶುರು ಮಾಡೋಣ. 1915ರಲ್ಲಿ ನಿಜಾಮ್ ಸಂಸ್ಥಾನದಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ದುರ್ಗದ ಗುಡ್ಡದ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಬರಹವೊಂದನ್ನು ಗುರುತಿಸಿದ. ಅಲ್ಲಿಯವರೆಗೆ ಓದಲಾಗಿದ್ದ ಶಾಸನಗಳಲ್ಲಿ ದೊರೆಯನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಕರೆಯಲಾಗಿತ್ತು. ಮಸ್ಕಿಯ ಬಂಡೆ ಅಶೋಕ ಎಂಬ ಹೆಸರನ್ನೇ ಹೇಳಿತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಆ ಶಾಸನವನ್ನು ಸಂಪಾದಿಸಿದರು. ಹಿಂದಿನ ವರ್ಷವಷ್ಟೇ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಹುಟ್ಟಿದ್ದ ಹೈದರಾಬಾದ್ ಪುರಾತತ್ವ ಇಲಾಖೆ ತನ್ನ ಗ್ರಂಥಮಾಲೆಯ ಮೊದಲ ಸಂಖ್ಯೆಯಾಗಿ ಅದನ್ನು ಹೊರತಂದಿತು. ಗುಡ್ಡದ ಬಂಡೆ ಎಲ್ಲಿಗೂ ಹೋಗುವಂಥದ್ದಲ್ಲ. ವಿದ್ವಾಂಸರ ಮೇಜಿಗೆ ತಲುಪಬೇಕಾದದ್ದು ಅದರ ಪಡಿಯಚ್ಚು. ಪಡಿಯಚ್ಚು ತೆಗೆಯುವ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಮೊದಲು ಕಲ್ಲನ್ನು ಉಜ್ಜಿ ತೊಳೆದು ಅಕ್ಷರದ ಸಂದಿಯ ಮಣ್ಣು, ಪಾಚಿ ತೆಗೆಯುತ್ತಾರೆ. ನೆನೆಸಿದ ಕಾಗದವನ್ನು ಮುದುರದಂತೆ ಹಾಸಿ, ಬಿರುಸು ಕೂದಲಿನ ಬ್ರಷ್ಷಿನಿಂದ ತಟ್ಟಿ ತಟ್ಟಿ, ಕಾಗದ ಪ್ರತಿ ಗೀರಿನೊಳಗೂ ಇಳಿಯುವಂತೆ ಮಾಡುತ್ತಾರೆ. ಕಾಗದ ಅರೆ ಆರುತ್ತಿರುವಾಗ ಮಸಿ ಹಚ್ಚಿದ ಬಟ್ಟೆಯ ಮೆತ್ತೆಯಿಂದ ಹಗುರಾಗಿ ಒತ್ತುತ್ತ ಹೋಗುತ್ತಾರೆ. ಉಬ್ಬಿದ ಭಾಗಕ್ಕೆ ಕಪ್ಪು ಹತ್ತುತ್ತದೆ, ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಹೆಚ್ಚಾದರೆ ಅಕ್ಷರ ಮುಚ್ಚಿಹೋಗುತ್ತದೆ, ಕಡಿಮೆಯಾದರೆ ಗೀರು ಯಾವುದು ಬಿರುಕು ಯಾವುದು ಎಂದು ತಿಳಿಯುವುದಿಲ್ಲ.

ಈ ಕ್ರಮದಲ್ಲಿ ನಮ್ಮ ವಾದಕ್ಕೆ ಬೇಕಾದ ಸಂಗತಿ ಆ ಮಸಿ. ದೀಪದ ಹೊಗೆಯಿಂದ ಕೂಡಿಸಿದ ಕಾಡಿಗೆಯಂಥ ಇಂಗಾಲದ ಪುಡಿಯನ್ನು ಅಂಟಿನಲ್ಲಿ ಕಲೆಸಿ ಮಾಡಿದ ಕಪ್ಪು ಅದು. ಇಂಗಾಲದ ಕಣವನ್ನು ಬೆಳಕು ಮುರಿಯಲಾರದು, ಗಾಳಿಯೂ ಸುಲಭವಾಗಿ ಬದಲಿಸಲಾರದು. ನಮ್ಮ ತಾಳೆಗರಿಗಳ ಗೀರುಗಳಲ್ಲಿ ತುಂಬಿದ ಕಪ್ಪು ಶತಮಾನಗಳ ನಂತರವೂ ಓದಲು ಸಿಗುವುದು ಈ ಗುಣದಿಂದಲೇ. ಆದರೆ ಮಸಿ ಗಟ್ಟಿಯಾದ ಮಾತ್ರಕ್ಕೆ ಪ್ರತಿ ಉಳಿಯುವುದಿಲ್ಲ. ಹತ್ತಾರು ಸಾವಿರ ಪಡಿಯಚ್ಚುಗಳನ್ನು ಇಟ್ಟುಕೊಂಡಿರುವ ಮೈಸೂರಿನ ಶಾಸನ ವಿಭಾಗದಂಥ ಕಡೆ ಚಿಂತೆ ಇರುವುದು ಮಸಿ ಮಾಸೀತೆಂಬುದಕ್ಕಿಂತ ಹೆಚ್ಚಾಗಿ ಕಾಗದದ ಬಗ್ಗೆ: ಮಡಿಕೆಯಲ್ಲಿ ಹರಿಯುವುದು, ಹುಳು ಹಿಡಿಯುವುದು, ತೇವಕ್ಕೆ ಸೋಲುವುದು. ಅದಕ್ಕಾಗಿಯೇ ಅಚ್ಚಿನ ಪ್ರತಿಗಳು ಬೇಕಾದವು. 1925ರಲ್ಲಿ ಹುಲ್ಟ್ಶ್ ಸಂಪಾದಿಸಿದ ಅಶೋಕನ ಶಾಸನಗಳ ಸಂಪುಟದಲ್ಲಿ ಮಸ್ಕಿಯ ಶಾಸನವೂ ಸೇರಿ, ಜಗತ್ತಿನ ಹಲವು ಗ್ರಂಥಾಲಯಗಳ ಕಪಾಟು ಸೇರಿತು. ಹೀಗೆ ಮಸ್ಕಿಯಿಂದ ಮೂರು ಪಾಠ ಸಿಗುತ್ತವೆ. ಬಣ್ಣ ಕಣರೂಪದ್ದಾಗಿದ್ದು ಮಾಸದಂಥದ್ದಾಗಿರಬೇಕು, ಕಾಗದವನ್ನು ಕಾಯಬೇಕು, ಪ್ರತಿ ಒಂದಕ್ಕಿಂತ ಹೆಚ್ಚಿರಬೇಕು. ಆ ಕಾಲಕ್ಕೆ ಈ ಮೂರನ್ನೂ ನೋಡಿಕೊಂಡವರು ಸಂಬಳ ಪಡೆವ ತಜ್ಞರು ಮತ್ತು ಒಂದು ಸರ್ಕಾರ.

ಕ್ಯಾಮೆರಾ ಈ ಸೀಮೆಯ ಹತ್ತಿರ ಬಂದದ್ದು ಅದಕ್ಕೂ ಅರ್ಧ ಶತಮಾನ ಹಿಂದೆ. ಛಾಯಾಗ್ರಹಣದ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. 1854ರಲ್ಲಿ ಮುಂಬಯಿಯಲ್ಲಿ, 1856ರಲ್ಲಿ ಮದರಾಸಿನಲ್ಲಿ ಛಾಯಾಗ್ರಾಹಕರ ಸಂಘಗಳು ಹುಟ್ಟಿಕೊಂಡವು. ರಾಯಚೂರು ದೋಆಬ್ ಆಗ, ಅಂದರೆ 1853ರಿಂದ 1860ರವರೆಗೆ, ನಿಜಾಮನ ಕೈತಪ್ಪಿ ಬ್ರಿಟಿಷರ ಆಡಳಿತದಲ್ಲಿತ್ತು. ಲಿಂಗಸುಗೂರು ದಂಡಿನ ಊರಾಗಿತ್ತು. ಅದೇ ಅವಧಿಯಲ್ಲಿ, 1856ರಲ್ಲಿ, ಮದರಾಸಿನ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಸಿಂಧನೂರಿನಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದ ಹಂಪಿಯಲ್ಲಿ ಮೇಣ ಹಾಕಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಗುಡಿ, ಮಂಟಪಗಳ ಚಿತ್ರ ತೆಗೆದ. ಆ ಕಾಗದದ ನೆಗೆಟಿವ್‌ಗಳು ಇಂದಿಗೂ ಇವೆ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಹಂಪಿಯಲ್ಲಿ ಏನು ಬಿದ್ದಿದೆ, ಏನು ನಿಂತಿದೆ ಎಂಬುದನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಸಾಧ್ಯವಾಯಿತು. ಚಿತ್ರ ಉಳಿದಿದ್ದರಿಂದ ಆದ ಲಾಭ ಇದು. ಹಾಗೆಂದು ಆ ಕಾಲದ ಎಲ್ಲ ಚಿತ್ರಗಳೂ ಉಳಿಯಲಿಲ್ಲ. ಕಾಗದದ ಮೇಲಿನ ಫೋಟೊಗಳು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಮಸುಕಾಗುತ್ತಿವೆ ಎಂಬ ದೂರು ಎಷ್ಟು ಜೋರಾಗಿತ್ತೆಂದರೆ, 1855ರಲ್ಲಿ ಲಂಡನ್ನಿನ ಛಾಯಾಗ್ರಹಣ ಸಂಘ ಇದನ್ನು ಪರಿಶೀಲಿಸಲೆಂದೇ ಸಮಿತಿ ಕೂರಿಸಿತು. ಚಿತ್ರವನ್ನು ಸ್ಥಿರಗೊಳಿಸಲು ಬಳಸಿ ಕಾಗದದಲ್ಲೇ ಉಳಿದುಕೊಂಡ ಹೈಪೊ ಎಂಬ ರಾಸಾಯನಿಕ ಮತ್ತು ಗಾಳಿಯ ಗಂಧಕ ಮುಖ್ಯ ಅಪರಾಧಿಗಳೆಂದು ಕಂಡುಬಂತು. ಚೆನ್ನಾಗಿ ತೊಳೆಯುವುದು, ಬೆಳ್ಳಿಯ ಚಿತ್ರಕ್ಕೆ ಚಿನ್ನದ ಲವಣದ ಸ್ನಾನ ಮಾಡಿಸುವುದು ಪರಿಹಾರಗಳಾದವು. ಹಟ್ಟಿಯ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನ ಓದುಗರಿಗೆ ಇದು ಕುತೂಹಲದ ಸಂಗತಿ: ಹತ್ತೊಂಬತ್ತನೆಯ ಶತಮಾನದ ಒಳ್ಳೆಯ ಫೋಟೊಗಳು ಉಳಿದದ್ದರಲ್ಲಿ ಚಿನ್ನಕ್ಕೂ ಒಂದು ಪಾಲಿದೆ.

ದೋಆಬ್ ಮತ್ತೆ ನಿಜಾಮನಿಗೆ ಸೇರಿದ ಮೇಲೆ ಲಿಂಗಸುಗೂರು 1905ರವರೆಗೆ ಜಿಲ್ಲಾ ಕೇಂದ್ರವಾಗಿತ್ತು. ಆ ಸಂಸ್ಥಾನದ ಹೆಸರಾಂತ ಛಾಯಾಗ್ರಾಹಕ ಲಾಲಾ ದೀನ್‌ದಯಾಳ್. ಆರನೆಯ ನಿಜಾಮ್ ಮಹಬೂಬ್ ಅಲಿ ಖಾನರ ಆಸ್ಥಾನದಲ್ಲಿದ್ದು, ಸಿಕಂದರಾಬಾದಿನಲ್ಲಿ ಸ್ಟುಡಿಯೊ ನಡೆಸಿದವರು. ಅವರ 2,800ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಗಾಜು ಒಡೆಯುತ್ತದೆ, ಆದರೆ ಅದರ ಮೇಲಿನ ಬೆಳ್ಳಿಯ ಚಿತ್ರ ಸರಿಯಾಗಿ ತೊಳೆದಿದ್ದರೆ ಕೆಡುವುದು ಬಹಳ ನಿಧಾನ. ಇಲ್ಲೂ ಹೊಣೆ ಯಾರದಿತ್ತೆಂದು ಗಮನಿಸಬೇಕು. ಅರಮನೆಯ ಹಣ, ಸ್ಟುಡಿಯೊದ ದೊಡ್ಡ ಸಿಬ್ಬಂದಿ, ಆಮೇಲೆ ಒಂದು ರಾಷ್ಟ್ರೀಯ ಸಂಸ್ಥೆ ಅದನ್ನು ಹೊತ್ತವು. ಲಿಂಗಸುಗೂರಿನ ಒಬ್ಬ ರೈತನಿಗಾಗಲಿ, ಮಸ್ಕಿಯ ಒಬ್ಬ ವ್ಯಾಪಾರಿಗಾಗಲಿ ತನ್ನ ಮುಖದ ಚಿತ್ರ ಸಿಗುವ ಕಾಲ ಅದಾಗಿರಲಿಲ್ಲ. ಚಿತ್ರಗಳು ಕಡಿಮೆ ಇದ್ದವು, ಇದ್ದಷ್ಟನ್ನು ಬಲ್ಲವರು ಕಾಯುತ್ತಿದ್ದರು.

ಜನಸಾಮಾನ್ಯರ ಕೈಗೆ ಫೋಟೊ ಬಂದದ್ದು ಊರಿನ ಸ್ಟುಡಿಯೊದಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪ್‌ಗಳನ್ನು ಕಟ್ಟಿದರು; ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೂ ಇಲ್ಲೇ ಪುನರ್ವಸತಿ ಕ್ಯಾಂಪ್‌ಗಳಾದವು. ಕೈಯಲ್ಲಿ ಕಾಸು ಓಡಾಡುವ, ಮದುವೆ ಜಾತ್ರೆ ನಡೆಯುವ, ಅರ್ಜಿ ಗುಜರಾಯಿಸುವ ಊರಿಗೆ ಸ್ಟುಡಿಯೊ ಬೇಕೇ ಬೇಕು. ಆ ದಶಕಗಳ ಸ್ಟುಡಿಯೊ ಎಂದರೆ ಮುಂದೆ ಬಣ್ಣದ ಪರದೆ, ಎರಡು ದೊಡ್ಡ ದೀಪ, ಹಿಂದೆ ಕೆಂಪು ಬಲ್ಬಿನ ಡಾರ್ಕ್‌ರೂಂ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಹೆಸರಿನ ಫಿಲ್ಮು ಮತ್ತು ಬ್ರೋಮೈಡ್ ಕಾಗದ ದೇಶದ ಸಣ್ಣ ಊರುಗಳ ಡಾರ್ಕ್‌ರೂಮುಗಳನ್ನು ನಡೆಸಿದವು. ಎನ್ಲಾರ್ಜರಿನ ಕೆಳಗೆ ಬೆಳಕು ಕಂಡ ಕಾಗದವನ್ನು ಡೆವಲಪರಿನ ತಟ್ಟೆಯಲ್ಲಿ ಅಲುಗಾಡಿಸಿದಾಗ ಮೊದಲು ಕೂದಲು ಹುಬ್ಬು, ಆಮೇಲೆ ಮುಖದ ನೆರಳು ಮೂಡುತ್ತದೆ. ಅಲ್ಲಿಂದ ಹೈಪೊದ ತಟ್ಟೆಗೆ, ಅಲ್ಲಿಂದ ತೊಟ್ಟಿಯ ನೀರಿಗೆ. ಈ ಕೊನೆಯ ಹಂತದಲ್ಲೇ ಕಸುಬುದಾರನ ಪ್ರಾಮಾಣಿಕತೆ ಗೊತ್ತಾಗುವುದು. ಹೈಪೊ ಪೂರ್ತಿ ಬಿಡುವವರೆಗೆ ಹರಿಯುವ ನೀರಿನಲ್ಲಿ ತೊಳೆದ ಫೋಟೊ ಮೊಮ್ಮಕ್ಕಳ ಕಾಲಕ್ಕೂ ಕಪ್ಪು-ಬಿಳುಪಾಗಿಯೇ ಇರುತ್ತದೆ. ಅವಸರದಲ್ಲಿ ಎತ್ತಿದ್ದು ಕಂದು ಕಲೆ ಹಿಡಿಯುತ್ತದೆ. ಗಿರಾಕಿಗೆ ಇದು ಕಾಣುವುದಿಲ್ಲ. ಇಪ್ಪತ್ತು ವರ್ಷದ ನಂತರ ಗೊತ್ತಾಗುವ ಗುಣವನ್ನು ಅವತ್ತೇ ಕಾದುಕೊಟ್ಟವರು ಈ ಊರುಗಳ ಹೆಸರಿಲ್ಲದ ಫೋಟೊಗ್ರಾಫರುಗಳು. ನೆಗೆಟಿವ್‌ಗಳಿಗೆ ನಂಬರು ಬರೆದು ಇಟ್ಟುಕೊಂಡು ಮತ್ತೆ ಪ್ರಿಂಟ್ ಹಾಕಿಕೊಡುತ್ತಿದ್ದವರೂ ಅವರೇ. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿಗೆ ಆದೇಶಿಸಿದ ಮೇಲೆ, ಅದುವರೆಗೆ ಕ್ಯಾಮೆರಾದ ಮುಂದೆ ನಿಲ್ಲದ ಮುಖಗಳೂ ಫೋಟೊ ಆದವು.

ಅಷ್ಟರಲ್ಲಿ ಕಲರ್ ಬಂದಿತ್ತು. ಕಲರ್ ಪ್ರಿಂಟು ಬೆಳ್ಳಿಯ ಚಿತ್ರವಲ್ಲ. ಬೆಳ್ಳಿ ಅದರಲ್ಲಿ ಕೆಲಸ ಮುಗಿಸಿ ತೊಳೆದುಹೋಗುತ್ತದೆ, ಕಾಗದದಲ್ಲಿ ಉಳಿಯುವುದು ರಾಸಾಯನಿಕವಾಗಿ ಹುಟ್ಟಿದ ಮೂರು ಡೈಗಳು. ಸಣ್ಣ ಊರಿನ ಡಾರ್ಕ್‌ರೂಮಿನಲ್ಲಿ ಅದನ್ನು ಮಾಡುವುದು ಕಷ್ಟ. ಹಾಗಾಗಿ ರೀಲುಗಳು ತೊಳೆಯಲು ದೊಡ್ಡ ಊರಿನ ಲ್ಯಾಬುಗಳಿಗೆ ಹೋಗತೊಡಗಿದವು. ಜಪಾನಿನ ಮಿನಿಲ್ಯಾಬ್ ಯಂತ್ರಗಳು ಬಂದ ಮೇಲೆ ಗಂಟೆಯೊಳಗೆ ಪ್ರಿಂಟು ಸಿಗುವಂತಾಯಿತು. ಬಾಳಿಕೆಯ ಹೊಣೆ ಊರಿನ ಕಸುಬುದಾರನ ಕೈಯಿಂದ ಕಾಗದ ತಯಾರಿಸುವ ದೂರದ ಕಾರ್ಖಾನೆಗೆ ದಾಟಿದ್ದು ಆಗ. ಆ ಕಾರ್ಖಾನೆಗಳು ಮೊದಮೊದಲು ಅದನ್ನು ಸರಿಯಾಗಿ ಹೊರಲಿಲ್ಲ. ಹಳೆಯ ಕಲರ್ ಕಾಗದಗಳ ನೀಲಿ-ಹಸಿರು ಡೈ ಕತ್ತಲೆಯಲ್ಲಿಟ್ಟರೂ ಮಾಸುತ್ತಿತ್ತು, ಬೇಸಿಗೆಯ ಶಾಖಕ್ಕೆ ಇನ್ನೂ ಬೇಗ. ಒಂದೇ ಮನೆಯ ಒಂದೇ ಟ್ರಂಕಿನಲ್ಲಿ 1960ರ ದಶಕದ ಕಪ್ಪು-ಬಿಳುಪು ಮದುವೆ ಫೋಟೊ ಗೆರೆ ಗೆರೆಯೂ ಕಾಣುವಂತೆ ಇದ್ದು, 1980ರ ಆಸುಪಾಸಿನ ಕಲರ್ ಫೋಟೊದಲ್ಲಿ ಹಸಿರು ಸೀರೆ, ನೀಲಿ ಆಕಾಶ, ಮುಖ ಎಲ್ಲ ಒಂದೇ ಕೆಂಪಿಗೆ ತಿರುಗಿರುವುದನ್ನು ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ನೋಡಬಹುದು. ಅಮೆರಿಕದ ಹೆನ್ರಿ ವಿಲ್ಹೆಲ್ಮ್ 1993ರಲ್ಲಿ ಕಲರ್ ಫೋಟೊಗಳ ಬಾಳಿಕೆಯ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿ ಯಾವ ಕಾಗದ ಎಷ್ಟು ಬೇಗ ಕೆಡುತ್ತದೆಂದು ಬಹಿರಂಗವಾಗಿ ಹೇಳಿದರು. ಆ ಹೊತ್ತಿಗೆ ಒಂದು ತಲೆಮಾರಿನ ಮದುವೆ ಆಲ್ಬಮುಗಳು ಕೆಂಪಗಾಗುವ ಹಾದಿಯಲ್ಲಿದ್ದವು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಉಳಿದ ಹಳೆಯ ಚಿತ್ರಗಳನ್ನಷ್ಟೇ ನೋಡಿ ಹಳೆಯದೆಲ್ಲ ಬಾಳಿಕೆಯದ್ದಾಗಿತ್ತು ಎನ್ನುವುದು ತಪ್ಪಲ್ಲವೇ? ಕೆಟ್ಟುಹೋದವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲವಲ್ಲ? ಆಕ್ಷೇಪ ನ್ಯಾಯವಾದದ್ದು. ಗ್ರೀನ್‌ಲಾನ ನೆಗೆಟಿವ್‌ಗಳ ಕಾಲದ್ದೇ ಆದ ಎಷ್ಟೋ ಚಿತ್ರಗಳು ಮಾಸಿ ಕಸ ಸೇರಿವೆ. 1855ರ ಸಮಿತಿಯೇ ಅದಕ್ಕೆ ಸಾಕ್ಷಿ. ಆದರೆ ಟ್ರಂಕಿನ ಸಾಕ್ಷ್ಯ ಈ ಆಕ್ಷೇಪಕ್ಕೆ ಬಗ್ಗುವುದಿಲ್ಲ. ಅಲ್ಲಿ ಎರಡೂ ಫೋಟೊ ಉಳಿದಿವೆ. ಎರಡಕ್ಕೂ ಅದೇ ಮನೆ, ಅದೇ ಸೆಖೆ, ಅದೇ ಧೂಳು. ಹೊಸದಾಗಿದ್ದದ್ದೇ ಮೊದಲು ಕೆಟ್ಟಿದೆ. ವ್ಯತ್ಯಾಸ ಇರುವುದು ಚಿತ್ರ ಯಾವುದರಿಂದ ಆಗಿದೆ ಎಂಬುದರಲ್ಲಿ ಮಾತ್ರ. ಇದರಿಂದ ಹಳೆಯದು ಮೇಲು, ಹೊಸದು ಕೀಳು ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಸಿಗುವ ಪಾಠ ಅದಕ್ಕಿಂತ ಉಪಯುಕ್ತವಾದದ್ದು: ಇಂಗಾಲ, ಬೆಳ್ಳಿಗಳಂಥ ಗಟ್ಟಿ ಕಣಗಳಿಂದ ಮಾಡಿದ ಚಿತ್ರ ನಿಲ್ಲುತ್ತದೆ, ಕರಗಿದ ಡೈಯಿಂದ ಮಾಡಿದ ಚಿತ್ರವನ್ನು ಜೋಪಾನ ಮಾಡಿದರಷ್ಟೇ ನಿಲ್ಲುತ್ತದೆ. ಮನೆಯ ಪ್ರಿಂಟರಿಗೆ ಈ ಪಾಠ ಅಕ್ಷರಶಃ ಅನ್ವಯಿಸುತ್ತದೆ.

ಏಕೆಂದರೆ ಇಂಕ್‌ಜೆಟ್ ಪ್ರಿಂಟರಿನ ಇಂಕಿನಲ್ಲೂ ಇವೇ ಎರಡು ಜಾತಿ. ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ, ಕಾಗದದ ಮೇಲ್ಪದರದೊಳಗೆ ಇಳಿಯುತ್ತದೆ, ಹೊಳಪು ಹೆಚ್ಚು, ಬೆಲೆ ಕಡಿಮೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಅತಿ ಸೂಕ್ಷ್ಮ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ, ಕಾಗದದ ಮೇಲೆ ಕೂತು ಗಟ್ಟಿಯಾಗುತ್ತವೆ. ಅದರ ಕಪ್ಪು ಬಹುಮಟ್ಟಿಗೆ ಇಂಗಾಲವೇ. ಪಡಿಯಚ್ಚಿನ ಮಸಿಯ ಬಳಗದ್ದು. ಮನೆಯ ಮೇಜಿನ ಮೇಲೆ ಕೂರುವ ಫೋಟೊ ಗುಣಮಟ್ಟದ ಇಂಕ್‌ಜೆಟ್ 1990ರ ದಶಕದಲ್ಲಿ ಬಂತು, ಆಗಿನದೆಲ್ಲ ಡೈ. 2000ದ ಹೊತ್ತಿಗೆ, ಬೇಗ ಆರುವ ಹೊಸ ಹೊಳಪು ಕಾಗದದ ಮೇಲೆ ಹಾಕಿದ ಕೆಲವು ಡೈ ಪ್ರಿಂಟುಗಳು ತಿಂಗಳೊಪ್ಪತ್ತಿನಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿ ದೊಡ್ಡ ಗದ್ದಲವಾಯಿತು. ಕಾಗದದ ಸೂಕ್ಷ್ಮ ರಂಧ್ರಗಳೊಳಗೆ ಗಾಳಿಯ ಓಝೋನ್ ನುಗ್ಗಿ ಡೈಯನ್ನು ತಿನ್ನುತ್ತಿತ್ತು. ಅದೇ ವರ್ಷ ಎಪ್ಸನ್ನಿನ 2000ಪಿ ಎಂಬ ಮನೆಬಳಕೆಯ ಗಾತ್ರದ ಪಿಗ್ಮೆಂಟ್ ಪ್ರಿಂಟರ್ ಮಾರುಕಟ್ಟೆಗೆ ಬಂತು. ಲಂಡನ್ನಿನ ಸಮಿತಿ ಕೂತು ಸುಮಾರು ನೂರೈವತ್ತು ವರ್ಷದ ನಂತರ ಅದೇ ದೂರು, ಅದೇ ಬಗೆಯ ಉತ್ತರ. ಒಂದೇ ವ್ಯತ್ಯಾಸ, ಈ ಸಲ ತೊಳೆಯುವವನೂ ಒಣಗಿಸುವವನೂ ಕಾಯುವವನೂ ಗಿರಾಕಿಯೇ.

ಈಗ ಮಾರುಕಟ್ಟೆಯಲ್ಲಿ ಮನೆಗೆಂದು ಸಿಗುವ ಮಷೀನುಗಳನ್ನು ಈ ಕಣ್ಣಿನಿಂದ ನೋಡಿದರೆ ಮೂರು ಗುಂಪಾಗುತ್ತವೆ. ಮೊದಲನೆಯದು ಬಾಟಲಿಯಿಂದ ಇಂಕ್ ತುಂಬುವ ಆರು ಬಣ್ಣದ ಡೈ ಪ್ರಿಂಟರುಗಳು: ಎಪ್ಸನ್ ಎಲ್8050, ಕ್ಯಾನನ್ ಜಿ570 ಈ ಸಾಲಿನವು. ಫೋಟೊ ಹೆಚ್ಚು ಹಾಕುವವರಿಗೆ ಇವುಗಳಷ್ಟು ಅಗ್ಗ ಬೇರೆ ಇಲ್ಲ. ಕಚೇರಿಗೆಂದು ಮಾರುವ ನಾಲ್ಕು ಬಣ್ಣದ ಇಂಕ್‌ಟ್ಯಾಂಕ್ ಮಷೀನನ್ನೇ ಫೋಟೊಗೂ ಆಗುತ್ತದೆಂದು ಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಅವುಗಳ ಪಿಗ್ಮೆಂಟ್ ಕಪ್ಪು ಬರಹಕ್ಕೆಂದು ಇರುವಂಥದ್ದು. ಹೊಳಪು ಕಾಗದ ಹಾಕಿದಾಗ ಸಾಮಾನ್ಯವಾಗಿ ಅದನ್ನು ಬಳಸದೆ ಮೂರು ಬಣ್ಣ ಬೆರೆಸಿಯೇ ಕಪ್ಪನ್ನು ಮಾಡುತ್ತವೆ. ಅಜ್ಜನ ಕಪ್ಪು-ಬಿಳುಪು ಫೋಟೊದ ಪ್ರತಿ ತೆಗೆದರೆ ಹಸಿರೋ ನೇರಳೆಯೋ ಛಾಯೆ ಬರುವುದು ಇದರಿಂದ. ಎರಡನೆಯದು ಕ್ಯಾನನ್ ಸೆಲ್ಫಿಯಂಥ ಡೈ-ಸಬ್ಲಿಮೇಶನ್ ಪುಟ್ಟ ಮಷೀನುಗಳು. ರಿಬ್ಬನ್ನಿನ ಹಳದಿ, ಕೆಂಪು, ನೀಲಿ ಬಣ್ಣಗಳನ್ನು ಶಾಖದಿಂದ ಕಾಗದಕ್ಕೆ ಇಳಿಸಿ, ಕೊನೆಗೆ ಪಾರದರ್ಶಕ ಪದರವೊಂದನ್ನು ಹೊದಿಸುತ್ತವೆ. ಪೋಸ್ಟ್‌ಕಾರ್ಡ್ ಅಳತೆ ಮೀರುವುದಿಲ್ಲ. ಆದರೆ ನಳಿಕೆಯೇ ಇಲ್ಲದ್ದರಿಂದ ಆರು ತಿಂಗಳು ಮುಟ್ಟದೆ ಇಟ್ಟರೂ ಕಟ್ಟಿಕೊಳ್ಳುವುದಿಲ್ಲ, ಮೇಲಿನ ಪದರ ಗಾಳಿಯನ್ನೂ ಬೆರಳಿನ ಬೆವರನ್ನೂ ತಡೆಯುತ್ತದೆ. ಮೂರನೆಯದು ಕ್ಯಾನನ್ ಪ್ರೊ-300, ಎಪ್ಸನ್ ಪಿ700ರಂಥ ಹತ್ತು ಇಂಕಿನ ಪಿಗ್ಮೆಂಟ್ ಪ್ರಿಂಟರುಗಳು. ಬಾಳಿಕೆಯಲ್ಲಿ ಇವಕ್ಕೆ ಸಾಟಿಯಿಲ್ಲ, ಬೆಲೆಯಲ್ಲೂ ಹಾಗೆಯೇ.

ಸಿಂಧನೂರು ಸೀಮೆಯ ಹವೆ ಈ ಆಯ್ಕೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಒಣಗಾಳಿಗೆ ಇಂಕ್‌ಜೆಟ್ಟಿನ ಕೂದಲಿಗಿಂತ ತೆಳು ನಳಿಕೆಗಳಲ್ಲಿ ಇಂಕ್ ಆರಿ ಕೂರುತ್ತದೆ. ಪಿಗ್ಮೆಂಟಿನಲ್ಲಿ ಈ ಕಾಟ ಹೆಚ್ಚು. ನಳಿಕೆ ತೆರೆಸಲು ಹೆಡ್ ಕ್ಲೀನಿಂಗ್ ಒತ್ತಿದಾಗಲೆಲ್ಲ ಒಳ್ಳೆಯ ಇಂಕ್ ಹೀರುಪ್ಯಾಡಿಗೆ ಹೋಗುತ್ತದೆ. ವಾರಕ್ಕೊಮ್ಮೆ ನಾಝಲ್ ಚೆಕ್ ಹಾಳೆ ತೆಗೆದು, ಅದರಲ್ಲಿ ಪ್ರತಿ ಬಣ್ಣದ ಗೆರೆಗಳೂ ತುಂಡಾಗದೆ ಬಂದಿವೆಯೇ ಎಂದು ನೋಡುವ ರೂಢಿ ಇಲ್ಲದವರು ಪಿಗ್ಮೆಂಟ್ ಮಷೀನ್ ಕೊಳ್ಳಬಾರದು. ಬೇಸಿಗೆಯಲ್ಲಿ ಕೂಲರ್ ಹಾಕಿದ ಕೋಣೆಯಲ್ಲಿ ಫೋಟೊ ಕಾಗದವನ್ನು ಬಿಚ್ಚಿಟ್ಟರೆ ತೇವ ಹೀರಿ ಸುರುಳಿಯಾಗುತ್ತದೆ. ಬೇಕಾದಷ್ಟೇ ಹಾಳೆ ತೆಗೆದು ಉಳಿದದ್ದನ್ನು ಅದರ ಕವರಿನಲ್ಲೇ ಮುಚ್ಚಿಡಬೇಕು. ಮಷೀನಿನ ಮೇಲೆ ಬಟ್ಟೆ ಹೊದಿಸಿ ಧೂಳು ತಡೆಯಬೇಕು. ಇವೆಲ್ಲ ಸಣ್ಣ ಮಾತುಗಳಂತೆ ಕಾಣುತ್ತವೆ. ಆದರೆ ಹೈಪೊ ಬಿಡುವವರೆಗೆ ಫೋಟೊ ತೊಳೆಯುತ್ತಿದ್ದವನ ಶಿಸ್ತು ಇಂದು ತಾಳುವ ರೂಪ ಇದೇ.

ಇಷ್ಟೆಲ್ಲ ಏಕೆ, ಪೇಟೆಯ ಲ್ಯಾಬಿಗೆ ಕಳಿಸಿದರೆ ಕೆಲವೇ ರೂಪಾಯಿಗೆ ಪ್ರಿಂಟ್ ಸಿಗುತ್ತದಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಈಗಿನ ಒಳ್ಳೆಯ ಕಲರ್ ಕಾಗದ 1980ರದ್ದಲ್ಲ. ಅದರ ಡೈಗಳು ಬಹಳ ಸುಧಾರಿಸಿವೆ. ಮದುವೆಯ ನೂರಾರು ಫೋಟೊ ಹಾಕಿಸಬೇಕಾದಾಗ ಲ್ಯಾಬೇ ಸರಿ. ಆದರೆ ಅಂಗಡಿಯವರು ಯಾವುದರಲ್ಲಿ ಹಾಕಿಕೊಡುತ್ತಾರೆಂದು ಕೇಳಿ ತಿಳಿಯಬೇಕು. ಒಂದೇ ಬೀದಿಯಲ್ಲಿ ಒಬ್ಬರು ರಾಸಾಯನಿಕದಲ್ಲಿ ತೊಳೆಯುವ ಕಲರ್ ಕಾಗದದ ಲ್ಯಾಬಿಗೆ ಕಳಿಸಬಹುದು, ಇನ್ನೊಬ್ಬರು ಬೇರೆ ಕಂಪನಿಯ ಅಗ್ಗದ ಡೈ ಇಂಕ್ ತುಂಬಿದ ಮಷೀನಿನಲ್ಲಿ ಹಾಕಿಕೊಡಬಹುದು. ಕೈಗೆ ಬಂದಾಗ ಎರಡೂ ಒಂದೇ ರೀತಿ ಕಾಣುತ್ತವೆ. ಇನ್ನು ಫೋಟೊಗಳೆಲ್ಲ ಫೋನಿನಲ್ಲಿ, ಕ್ಲೌಡಿನಲ್ಲಿ ಇರುವಾಗ ಕಾಗದವೇ ಬೇಡ ಎಂಬ ವಾದ. ಕಡತಕ್ಕೆ ಮಾಸುವ ಭಯವಿಲ್ಲ ನಿಜ, ಆದರೆ ಪಾಸ್‌ವರ್ಡ್ ಮರೆತರೆ, ಖಾತೆ ಮುಚ್ಚಿದರೆ, ಫೋನ್ ಕಾಲುವೆಗೆ ಬಿದ್ದರೆ ಅದು ಒಂದೇ ಏಟಿಗೆ ಪೂರ್ತಿ ಹೋಗುತ್ತದೆ. ಕಾಗದ ನಿಧಾನವಾಗಿ ಕೆಡುತ್ತದೆ, ಕೆಡುವ ಮೊದಲು ಎಚ್ಚರಿಸುತ್ತದೆ. ಮಸ್ಕಿಯ ಅಶೋಕನ ಹೆಸರನ್ನು ನಾವು ಬಂಡೆಯಲ್ಲೂ ಓದಬಹುದು, ಪುಸ್ತಕದಲ್ಲೂ ಓದಬಹುದು. ಎರಡೂ ಬೇಕು ಎಂಬುದೇ ಅದರ ಪಾಠ. ಅಂದಹಾಗೆ ಪ್ರಿಂಟಿಗೆ ಮೂಲ ಕಡತವನ್ನೇ ಬಳಸಬೇಕು. 4×6 ಅಂಗುಲದ ಫೋಟೊಗೆ 1200×1800 ಪಿಕ್ಸೆಲ್ ಸಾಕು, ಎ4 ಹಾಳೆಗೆ ಸುಮಾರು 2480×3508 ಬೇಕು. ವಾಟ್ಸಾಪಿನಲ್ಲಿ ಕುಗ್ಗಿ ಬಂದ ಚಿತ್ರ ಚಿಕ್ಕ ಫೋಟೊಗೆ ಸುಧಾರಿಸಿದರೂ ಗೋಡೆಗೆ ಹಾಕುವ ಅಳತೆಗೆ ಸಾಲದು.

ಕಂಪನಿಗಳು ಹೇಳುವ ನೂರು, ಇನ್ನೂರು ವರ್ಷದ ಲೆಕ್ಕವನ್ನು ನಂಬುವುದು ಹೇಗೆ ಎಂಬ ಸಂಶಯವೂ ಸಹಜ. ಯಾರೂ ಇನ್ನೂರು ವರ್ಷ ಕಾದು ನೋಡಿಲ್ಲ; ಪ್ರಖರ ಬೆಳಕಿನಲ್ಲಿಟ್ಟು ಬೇಗ ಮಾಸಿಸಿ, ಅದರಿಂದ ಲೆಕ್ಕ ಕಟ್ಟಿದ ಸಂಖ್ಯೆಗಳು ಅವು. ವಿಲ್ಹೆಲ್ಮ್ ಅವರ ಪ್ರಯೋಗಶಾಲೆಯ ಅಂದಾಜು ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು, 24 ಡಿಗ್ರಿ ಉಷ್ಣಾಂಶ, ಶೇ 60 ತೇವಾಂಶ ಇರುವ ಕೋಣೆಯ ಮೇಲೆ ನಿಂತಿದೆ. ಲಿಂಗಸುಗೂರಿನ ಮೇ ತಿಂಗಳ ಪಡಸಾಲೆ ಅಂಥ ಕೋಣೆಯಲ್ಲ. ಶಾಖ ಏರಿದಂತೆ ಬಣ್ಣ ಕೆಡುವ ವೇಗವೂ ಏರುತ್ತದೆ. ಆದ್ದರಿಂದ ಆ ವರ್ಷಗಳನ್ನು ಇದ್ದಂತೆಯೇ ನಮ್ಮ ಮನೆಗೆ ತರಲಾಗದು. ಆದರೆ ಸಾಮಾನ್ಯವಾಗಿ ಒಂದು ಹೋಲಿಕೆ ಉಳಿಯುತ್ತದೆ: ಅಲ್ಲಿ ಮೊದಲು ಮಾಸಿದ್ದು ಇಲ್ಲೂ ಮೊದಲು ಮಾಸುವ ಸಂಭವವೇ ಹೆಚ್ಚು. ಆಯ್ಕೆ ಮಾಡಲು ಸಂಖ್ಯೆಗಿಂತ ಈ ಅನುಕ್ರಮ ಸಾಕು. ಪಿಗ್ಮೆಂಟ್ ನಮ್ಮಂಥವರ ಜೇಬಿಗೆ ಹೊರೆ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ಎಲ್ಲ ಫೋಟೊಗಳನ್ನೂ ಒಂದೇ ತಕ್ಕಡಿಗೆ ಹಾಕದಿರುವುದು. ಮನೆಯೊಂದರಲ್ಲಿ ವರ್ಷಕ್ಕೆ ತೆಗೆಯುವ ಸಾವಿರಾರು ಚಿತ್ರಗಳಲ್ಲಿ ಮೊಮ್ಮಕ್ಕಳಿಗೆ ಸಿಗಬೇಕಾದವು ಹತ್ತಿಪ್ಪತ್ತು ಮೀರವು. ಅಷ್ಟಕ್ಕೆ ಪ್ರತಿ ಮನೆಗೊಂದು ದುಬಾರಿ ಮಷೀನ್ ಬೇಕಾಗಿಲ್ಲ. ಪಿಗ್ಮೆಂಟ್ ಪ್ರಿಂಟರ್ ಇಟ್ಟ ಒಂದು ಸ್ಟುಡಿಯೊ ಊರಿಗೊಂದು ಇದ್ದರೆ ಸಾಕು, ಅಂಥ ಕಸುಬಿಗೆ ಹೊಸ ಮಾನವೂ ಬಂದೀತು.

ಹೀಗೆ ನೋಡಿದರೆ ತೀರ್ಮಾನ ಸರಳ. ತಿಂಗಳಿಗೆ ನಾಲ್ಕಾರು ಫೋಟೊ ಹಾಕುವ ಮನೆಗೆ ಡೈ-ಸಬ್ಲಿಮೇಶನ್ ಮಷೀನ್ ಸೂಕ್ತ. ಸುಮ್ಮನೆ ಕೂತರೂ ಕೆಡದು, ಪ್ರಿಂಟಿಗೆ ಹೊದಿಕೆಯೂ ಇದೆ. ವಾರವಾರ ಹತ್ತಾರು ಫೋಟೊ, ಮಕ್ಕಳ ಪ್ರಾಜೆಕ್ಟು, ಪಾಸ್‌ಪೋರ್ಟ್ ಅಳತೆ ಎಲ್ಲ ಬೇಕಾದವರಿಗೆ ಆರು ಬಣ್ಣದ ಡೈ ಇಂಕ್‌ಟ್ಯಾಂಕ್ ಸರಿ. ಅವರು ಕಂಪನಿಯ ಇಂಕನ್ನೇ ತುಂಬಿ, ಪ್ರಿಂಟನ್ನು ಒಂದು ದಿನ ಆರಗೊಟ್ಟು, ಗಾಜಿನ ಚೌಕಟ್ಟಿನಲ್ಲೋ ಆಲ್ಬಮ್ಮಿನಲ್ಲೋ ಇಡಬೇಕು. ಬಿಸಿಲು ಬೀಳುವ ಗೋಡೆಗೆ ಬರಿದಾಗಿ ಅಂಟಿಸಬಾರದು. ಛಾಯಾಗ್ರಹಣವನ್ನೇ ಹಿಡಿದವರು, ವಾರಕ್ಕೊಮ್ಮೆ ಮಷೀನ್ ನಡೆಸುವ ಶಿಸ್ತುಳ್ಳವರು ಪಿಗ್ಮೆಂಟ್ ಕೊಳ್ಳಲಿ. ಯಾವುದೇ ಆದರೂ ಮುಖ್ಯವಾದ ಚಿತ್ರಕ್ಕೆ ಎರಡು ಪ್ರಿಂಟು ಹಾಕಿ ಎರಡು ಮನೆಯಲ್ಲಿಡಲಿ, ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು, ಊರು, ವರ್ಷ ಬರೆಯಲಿ. ಪೆನ್ಸಿಲ್ಲಿನದೂ ಇಂಗಾಲವೇ, ಅದು ಮಾಸುವುದಿಲ್ಲ. ಹೆಸರಿಲ್ಲದ ಫೋಟೊ ಮಾಸದಿದ್ದರೂ ಎರಡು ತಲೆಮಾರಿಗೆ ಅಪರಿಚಿತವಾಗುತ್ತದೆ. ಹಿಂದೆ ಸಂಸ್ಥಾನ, ಸ್ಟುಡಿಯೊ, ಕಾರ್ಖಾನೆಗಳು ಹೊತ್ತಿದ್ದ ಕೆಲಸವನ್ನು ಇಂದು ಪ್ರತಿ ಮನೆಯೂ ಹೊರಬೇಕಾಗಿದೆ. ಅದು ಹೊರೆಯೂ ಹೌದು, ಅಧಿಕಾರವೂ ಹೌದು. ಯಾರ ಮುಖ ಮುಂದಿನವರಿಗೆ ಉಳಿಯಬೇಕೆಂದು ನಿರ್ಧರಿಸುವ ಹಕ್ಕು ಈ ಸೀಮೆಯ ಸಾಮಾನ್ಯ ಮನೆಗೆ ಹಿಂದೆಂದೂ ಇಷ್ಟರಮಟ್ಟಿಗೆ ಸಿಕ್ಕಿರಲಿಲ್ಲ. ಅದನ್ನು ಬಳಸಿಕೊಳ್ಳುವ ಮೊದಲ ಹೆಜ್ಜೆ, ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ಇಂಕ್ ಯಾವ ಜಾತಿಯದೆಂದು ಕೇಳುವುದು.